ನಾಲ್ಕು ಕಡೆಯೂ ನೀರು

ದ್ವೀಪವೆಂದರೆ ನಾಲ್ಕು ಕಡೆಯೂ ನೀರಿನಿಂದ ಸುತ್ತುವರಿದ ಭೂಭಾಗವೆಂದು ಪ್ರಾಥಮಿಕ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಮುಂದೆ ಕನ್ನಡ ಎಂ. ಎ. ತರಗತಿಯಲ್ಲಿ, ಎರಡು ಕಡೆ ನೀರುಳ್ಳದ್ದು ಎಂಬುದೇ ಆ ಸಂಸ್ಕೃತ ಶಬ್ದದ ಮೂಲಾರ್ಥವೆಂದು ತಿಳಿದಾಗ, ಉಳಿದೆರಡು ಕಡೆಯ ನೀರನ್ನು ನಮ್ಮ ಭೂಗೋಳದ ಮೇಷ್ಟರು ತಾವೇ ಹೊತ್ತು ತಂದು ಸುರಿದಿದ್ದರೆಂದು ನಕ್ಕಿದ್ದುಂಟು. ಕನ್ನಡದಲ್ಲಿ ಅದಕ್ಕೆ ನಡುಗಡ್ಡೆಯೆಂದೂ ಕುರುವವೆಂದೂ ಚೆಲುವಾದ ಹೆಸರುಗಳಿವೆ. ಕೃಷ್ಣದ್ವೈಪಾಯನರು ಹುಟ್ಟಿದ್ದು ದ್ವೀಪದಲ್ಲಿ. ಸೀತೆ ಅತ್ತದ್ದು ದ್ವೀಪದಲ್ಲಿ. ಇಷ್ಟನ್ನು ತರಗತಿಯಲ್ಲಿ ನಿಂತು ಒಂದು ಗಂಟೆ ಹೇಳಬಲ್ಲ ನನಗೆ, ನನ್ನ ಮನೆಯೊಳಗೇ ಒಂದು ದ್ವೀಪ ಬಂದು ಕುಳಿತಾಗ ಆಡಲು ಒಂದು ಮಾತೂ ಹೊಳೆಯಲಿಲ್ಲ.

ಅದು ಬಂದದ್ದು ಪತ್ರದ ರೂಪದಲ್ಲಿ; ಪತ್ರವಾದರೂ ಅಂಚೆಯವನ ಕೈಯಲ್ಲಲ್ಲ, ಮೊಬೈಲಿನಲ್ಲಿ. 2025ರ ಜುಲೈ ತಿಂಗಳ ಮೊದಲ ವಾರದ ಒಂದು ರಾತ್ರಿ ನನ್ನಾಕೆ ಊಟಕ್ಕೆ ಬಡಿಸಿ, ಉಪ್ಪಿನಕಾಯಿಯನ್ನಿಡುವಷ್ಟೇ ಸಹಜವಾಗಿ ತಟ್ಟೆಯ ಪಕ್ಕದಲ್ಲಿ ಮೊಬೈಲನ್ನಿಟ್ಟು, "ಒಮ್ಮೆ ಓದ್ರಿ" ಎಂದಳು. ಐರ್ಲೆಂಡಿನ ಪಶ್ಚಿಮ ಭಾಗದ ಒಂದು ಪಟ್ಟಣದ ಆಸ್ಪತ್ರೆ ಆಕೆಯನ್ನು ನರ್ಸ್ ಆಗಿ ನೇಮಿಸಿಕೊಳ್ಳಲು ಒಪ್ಪಿತ್ತು. ಸಂಬಳ ವರ್ಷಕ್ಕೆ ಸುಮಾರು 37,000 ಯೂರೋ. ನಾನು ಮನಸ್ಸಿನಲ್ಲಿಯೇ ಅದನ್ನು ರೂಪಾಯಿಗೆ ಗುಣಿಸಿ, ನನ್ನ ಸಂಬಳದಿಂದ ಭಾಗಿಸಿ, ಬಂದ ಉತ್ತರವನ್ನು ಸಾರನ್ನದೊಡನೆ ಕಲಸಿ ನುಂಗಿದೆ. ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಆಗಸ್ಟ್ ಮುಗಿಯುವುದರೊಳಗೆ ತಿಳಿಸಬೇಕಾಗಿತ್ತು.

ನನಗೆ ಆಶ್ಚರ್ಯವಾಯಿತೆಂದರೆ ಸುಳ್ಳಾಗುತ್ತದೆ. ಒಂದೂವರೆ ವರ್ಷದಿಂದ ಆಕೆ ಬೆಳಗಿನ ಐದು ಗಂಟೆಗೆ ಎದ್ದು ಅಡುಗೆಮನೆಯ ಮೇಜಿನ ಮೇಲೆ, ಕಾಣದ ರೋಗಿಗಳ ಬಗ್ಗೆ ಕಾಣದ ವೈದ್ಯರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಿದ್ದಳು. ವಿದೇಶಕ್ಕೆ ಹೋಗುವ ನರ್ಸುಗಳಿಗಾಗಿ ಒ.ಇ.ಟಿ. ಎಂಬ ಭಾಷಾಪರೀಕ್ಷೆಯೊಂದಿದೆ; ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ಅದಕ್ಕೆ ನಾಲ್ಕು ಭಾಗಗಳು. ಮಾತಿನ ಭಾಗಕ್ಕೆ ಎದುರಿಗೊಬ್ಬ ರೋಗಿ ಬೇಕು. ಆ ಪಾತ್ರವನ್ನು ವಹಿಸಿದವನು ನಾನೇ. ಮಾತ್ರೆ ನುಂಗಲೊಲ್ಲದ ಮುದುಕನಾಗಿ, ಶಸ್ತ್ರಚಿಕಿತ್ಸೆಗೆ ಹೆದರಿದ ಲಾರಿ ಚಾಲಕನಾಗಿ, ಮನೆಗೆ ಹೋಗುತ್ತೇನೆಂದು ಹಟ ಹಿಡಿದ ಅಜ್ಜಿಯಾಗಿಯೂ ನಾನು ಅಭಿನಯಿಸಿದ್ದೇನೆ. "ನಿಮಗೆ ಹೆದರಿಕೆಯಾಗುವುದು ಸಹಜ; ಯಾವುದಕ್ಕೆ ಹೆಚ್ಚು ಹೆದರಿಕೆ ಎಂದು ಹೇಳುವಿರಾ?" ಎಂದು ಆಕೆ ಇಂಗ್ಲಿಷಿನಲ್ಲಿ ಮೃದುವಾಗಿ ಕೇಳುತ್ತಿದ್ದಳು. ನಾನು ನನ್ನ ಪಾತ್ರದ ಹೆದರಿಕೆಯನ್ನು ಹೇಳುತ್ತಿದ್ದೆನೇ ಹೊರತು ನನ್ನದನ್ನು ಹೇಳಲಿಲ್ಲ. ಪರೀಕ್ಷೆಯೊಂದು ಆಟ, ಆಟ ಮುಗಿದರೆ ಮೇಜನ್ನು ಒರೆಸಿ ದೋಸೆ ಹುಯ್ಯುತ್ತಾಳೆ ಎಂದು ನಂಬಿಕೊಂಡಿದ್ದೆ.

ಆಕೆಯ ತವರು ಬೆಳಗಾವಿ. ಹನ್ನೊಂದು ವರ್ಷಗಳಿಂದ ಹೆಬ್ಬಾಳದ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ನಾನು ಆಕೆಯನ್ನು ಮದುವೆಯಾಗುತ್ತೇನೆಂದಾಗ ನಮ್ಮ ಬಂಧುಗಳಲ್ಲಿ ಕೆಲವರು "ನರ್ಸ್ ಹುಡುಗಿಯೇ?" ಎಂದು ಹುಬ್ಬೇರಿಸಿದ್ದರು. ಅದೇ ಬಂಧುಗಳು ಇಂದು ತಮ್ಮ ಹೆಣ್ಣುಮಕ್ಕಳಿಗೆ ನರ್ಸಿಂಗ್ ಸೀಟು ಕೊಡಿಸಲು, ಯಾವ ಕಾಲೇಜು ಒಳ್ಳೆಯದೆಂದು ಆಕೆಯನ್ನೇ ಕೇಳುತ್ತಾರೆ. ಕಾಲ ಬದಲಾಯಿಸಿದ್ದು ಗೌರವವನ್ನಲ್ಲ, ವೀಸಾವನ್ನು ಎಂದು ನನ್ನಾಕೆಯ ಅಭಿಪ್ರಾಯ.

ಹಣಕ್ಕಾಗಿಯೇ ಹೋಗಬಯಸುತ್ತಾಳೆಂದು ನಾನು ಮೊದಲು ಭಾವಿಸಿದೆ. ಹಾಗೆ ಭಾವಿಸುವುದು ನನಗೆ ಅನುಕೂಲವೂ ಆಗಿತ್ತು. ಹಣದ ವಿಷಯದಲ್ಲಿ ಸಾಹಿತ್ಯದವರು ಸುಲಭವಾಗಿ ಎತ್ತರದಲ್ಲಿ ನಿಲ್ಲಬಹುದು. 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ ರಚಿತವಾದ ಸಮಿತಿಯು, ಐವತ್ತು ಹಾಸಿಗೆಗಿಂತ ಚಿಕ್ಕದಾದ ಖಾಸಗಿ ಆಸ್ಪತ್ರೆಯಲ್ಲಿಯೂ ನರ್ಸಿನ ತಿಂಗಳ ಸಂಬಳ 20,000 ರೂಪಾಯಿಗೆ ಕಡಿಮೆಯಾಗಬಾರದೆಂದು ಶಿಫಾರಸು ಮಾಡಿತು. ಆ ಶಿಫಾರಸನ್ನು ನನ್ನಾಕೆ ಪತ್ರಿಕೆಯಿಂದ ಕತ್ತರಿಸಿ ಬೀರುವಿನಲ್ಲಿ ಇಟ್ಟುಕೊಂಡಳು. ಬಹಳ ಕಾಲ ಅದು ಬೀರುವಿನಲ್ಲಿಯೇ ಉಳಿಯಿತು. ಆದರೆ ಆಕೆ ಆ ರಾತ್ರಿ ಹೇಳಿದ್ದು ಬೇರೆ.

"ಇಪ್ಪತ್ತೆರಡು ಹಾಸಿಗೆಗೆ ರಾತ್ರಿ ನಾವಿಬ್ಬರ. ಒಬ್ಬಾಕಿ ಔಷಧ ಕೊಡೂತನಕಾ ಇನ್ನೊಬ್ಬಾಕಿ ಓಡೂದು. ಬೆಳಿಗ್ಗೆ ಮನಿಗೆ ಬಂದು ಮಲಗಿದ ಮ್ಯಾಲೆ ನೆನಪಾಗ್ತದ, ಹದಿನಾರನೇ ಹಾಸಿಗಿಯ ಅಜ್ಜ ಏನೋ ಕೇಳಿದ್ದ, ನಾ ನಿಂದರಲಿಲ್ಲ ಅಂತ. ನನಗ ನಿಂತು ಕೇಳೂ ಅಷ್ಟು ಹೊತ್ತು ಬೇಕಾಗೇದ ನೋಡ್ರಿ."

ಇದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಅಲ್ಲಿಯಾದರೂ ನಿಂತು ಕೇಳುವಷ್ಟು ಹೊತ್ತು ಸಿಕ್ಕೀತೆಂದು ಏನು ನಂಬಿಕೆ ಎಂದು ಕೇಳಬಹುದಿತ್ತು. ಕೇಳಿದೆ ಕೂಡ. "ನೋಡಬೇಕಲ್ರಿ" ಎಂದಳು.

ನಮ್ಮದು ಹಳೆಯ ಯಲಹಂಕದ ಮನೆ. ನಮ್ಮ ತಂದೆ ಇಲ್ಲಿಯ ರೈಲ್ವೆ ಗಾಲಿ ಕಾರ್ಖಾನೆಯಲ್ಲಿ, 1984ರಲ್ಲಿ ಅದು ಆರಂಭವಾದ ಕಾಲದಿಂದಲೂ ದುಡಿದು, ನಿವೃತ್ತಿಯ ಹಣದಲ್ಲಿ ಮೇಲಿನ ಮಹಡಿಯನ್ನು ಕಟ್ಟಿಸಿ, ಅದರ ಮೆಟ್ಟಿಲನ್ನು ಎರಡೇ ವರ್ಷ ಹತ್ತಿ ತೀರಿಕೊಂಡರು. ಭಾರತದ ರೈಲುಗಾಡಿಗಳಿಗೆಲ್ಲ ಗಾಲಿ ಮಾಡಿಕೊಟ್ಟವರು ತಾವು ಮಾತ್ರ ಯಲಹಂಕವನ್ನು ಬಿಟ್ಟು ಕದಲಲಿಲ್ಲ. ನಮ್ಮ ಊರಿನ ಇತಿಹಾಸದಲ್ಲಿ ಅತಿ ಪ್ರಸಿದ್ಧವಾದ ವಲಸೆಯೆಂದರೆ, ಯಲಹಂಕ ನಾಡಪ್ರಭು ಕೆಂಪೇಗೌಡ 1537ರಲ್ಲಿ ದಕ್ಷಿಣಕ್ಕೆ ಹತ್ತು ಮೈಲಿ ಹೋಗಿ ಬೆಂಗಳೂರನ್ನು ಕಟ್ಟಿದ್ದು. ಅಷ್ಟು ದೂರ ಹೋಗಿಬರುವುದಕ್ಕೇ ಈಗ ಹೆಬ್ಬಾಳದ ಮೇಲುಸೇತುವೆಯ ಮೇಲೆ ಒಂದು ಗಂಟೆ ತಪಸ್ಸು ಮಾಡಬೇಕು. ಆ ಪ್ರಭುವಿನ ಹೆಸರನ್ನೇ ಹೊತ್ತ ವಿಮಾನನಿಲ್ದಾಣ 2008ರಲ್ಲಿ ದೇವನಹಳ್ಳಿಯ ಕಡೆ ತೆರೆದಂದಿನಿಂದ, ಮನೆಯ ಮೇಲೆ ಹಾರುವ ವಿಮಾನಗಳ ಸದ್ದು ನಮಗೆ ಕಾಗೆಯ ಕೂಗಿನಷ್ಟು ಬಳಕೆಯಾಗಿದೆ. ಆರು ವರ್ಷದ ಮಗಳು ತಾರಸಿಯ ಮೇಲೆ ನಿಂತು ಅವುಗಳನ್ನು ಎಣಿಸುತ್ತಾಳೆ. ಜುಲೈ ತಿಂಗಳಿನಿಂದೀಚೆಗೆ ಆ ಎಣಿಕೆ ನನಗೆ ಹಿತವಾಗಿ ಕೇಳಿಸಲಿಲ್ಲ.

ಮನೆಯಲ್ಲಿ ಇನ್ನೊಬ್ಬರಿದ್ದಾರೆ. ನಮ್ಮ ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷ. ಅದು ಕಣ್ಣಿಗೂ ತಗುಲಿ, ಸಣ್ಣ ಅಕ್ಷರ ಕಾಣಿಸದು. ಬೆಳಿಗ್ಗೆ ಮತ್ತು ರಾತ್ರಿ ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚುವವಳು ಸೊಸೆ. ಆಕೆಗೆ ರಾತ್ರಿಯ ಪಾಳಿಯಿದ್ದಾಗ ಆ ಕೆಲಸ ನನಗೆ ಬೀಳುತ್ತದೆ. ನಾನು ಸೂಜಿಯನ್ನು ಕೈಗೆತ್ತಿಕೊಂಡೊಡನೆ ಅಮ್ಮ ಕಣ್ಣು ಮುಚ್ಚಿ ನರಸಿಂಹಸ್ವಾಮಿಯನ್ನು ಕರೆಯುತ್ತಾರೆ. ಸೊಸೆಯ ಕೈಯಾದರೆ ಯಾವ ದೇವರೂ ಬೇಕಾಗುವುದಿಲ್ಲ.

ಪತ್ರದ ವಿಷಯವನ್ನು ಅಮ್ಮನಿಗೆ ಹೇಳಿದವನು ನಾನು. ಹೇಳುವಾಗ ದನಿಯಲ್ಲಿ ಸ್ವಲ್ಪ ಕರುಣೆಯನ್ನು ಬೆರೆಸಿದ್ದೆನೆಂದು ಈಗ ಒಪ್ಪಿಕೊಳ್ಳಬೇಕು. ಅಮ್ಮ ಬೇಡವೆಂದರೆ ನಾನು ಬೇಡವೆನ್ನುವ ಕಷ್ಟ ತಪ್ಪುತ್ತಿತ್ತು. ಅಮ್ಮ ಬೇಡವೆನ್ನಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಆ ದೇಶದಲ್ಲೇ ಅಲ್ಲವೇನೋ ಬೆಳಗಾವಿ ಹುಡುಗಿ ಹೋಗಿಬಿಟ್ಟಿದ್ದು?" ಎಂದರು.

ಹೌದು, ಆ ದೇಶದಲ್ಲಿಯೇ. ಸವಿತಾ ಹಾಲಪ್ಪನವರ ಎಂಬ ದಂತವೈದ್ಯೆ, ಮೂವತ್ತೊಂದು ವರ್ಷದ ಹೆಣ್ಣುಮಗಳು, 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ನಗರದಲ್ಲಿ ತೀರಿಕೊಂಡದ್ದನ್ನು ಅಂದು ಕರ್ನಾಟಕದ ಮನೆಮನೆಯವರೂ ದೂರದರ್ಶನದಲ್ಲಿ ನೋಡಿದ್ದರು. ಹದಿನೇಳು ವಾರದ ಗರ್ಭ ನಿಲ್ಲುವುದಿಲ್ಲವೆಂದು ತಿಳಿದ ಮೇಲೂ, ಭ್ರೂಣದ ಎದೆಬಡಿತ ಇರುವವರೆಗೆ ಅದನ್ನು ತೆಗೆಯಲು ಅಲ್ಲಿನ ಕಾನೂನು ಬಿಡದೆಂದು ವೈದ್ಯರು ಕಾದರು. ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತು. ಆ ಸಾವಿನಿಂದ ಆ ದೇಶವೇ ನಡುಗಿತು. 2018ರ ಮೇ ತಿಂಗಳ ಜನಮತಗಣನೆಯಲ್ಲಿ ಅಲ್ಲಿಯ ಜನ ಸಂವಿಧಾನದ ಆ ವಿಧಿಯನ್ನೇ ತೆಗೆದುಹಾಕಿದರು. ನಮ್ಮ ಬೆಳಗಾವಿಯ ಮಗಳ ಚಿತ್ರವನ್ನು ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬರೆದು, ಅದರ ಸುತ್ತ ಅಪರಿಚಿತ ಹೆಂಗಸರು ಕ್ಷಮೆ ಕೇಳುವ ಚೀಟಿಗಳನ್ನು ಅಂಟಿಸಿದರು.

ಅಮ್ಮನ ಪ್ರಶ್ನೆಯನ್ನು ನಾನು ನನ್ನಾಕೆಗೆ ದಾಟಿಸಿದೆ. ಈ ಬಾರಿ ದನಿಯಲ್ಲಿ ಸ್ವಲ್ಪ ಜಯವೂ ಬೆರೆತಿತ್ತೇನೋ. ಆಕೆ ಒಗೆದ ಬಟ್ಟೆಯನ್ನು ಮಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಆಗ ನಾನು ಬೆಳಗಾವಿಯೊಳಗ ಬಿ.ಎಸ್ಸಿ. ನರ್ಸಿಂಗ್ ಕಡೀ ವರ್ಷದಾಗ ಇದ್ದೆ. ಕಾಲೇಜಿನಾಗ ಎಲ್ಲಾರೂ ಮೇಣದಬತ್ತಿ ಹಿಡಕೊಂಡು ಹೋಗಿದ್ವಿ. ಎಲ್ಲಾರೂ ಕಾನೂನು ಕಾನೂನು ಅಂತಾರ. ಕಾನೂನು ಹೌದು. ಆದರ ಮುಂದಿನ ವರ್ಷ ತನಿಖೆಯ ವರದಿ ಬಂತಲ್ಲ, ಅದನ್ನ ನಾನು ಓದೇನಿ. ಹದಿಮೂರು ಸಲ ಅಂತ್ರಿ. ಹದಿಮೂರು ಸಲ ಯಾರರೆ ಒಬ್ಬರು ಸರಿಯಾಗಿ ಗಮನಿಸಿದ್ರ ಆಕಿ ಉಳೀಬಹುದಿತ್ತು. ನಾಡಿ ನೋಡೂದು, ಜ್ವರ ನೋಡೂದು, ನೋಡಿದ್ದನ್ನ ಬರಿಯೂದು, ಬರದದ್ದನ್ನ ಡಾಕ್ಟರಿಗೆ ಹೇಳೂದು. ಅದು ಯಾರ ಕೆಲಸ ಹೇಳ್ರಿ?"

ನಾನು ಹೇಳಲಿಲ್ಲ. ಆ ಸಾವಿನ ತರುವಾಯ ಅಲ್ಲಿಯ ಹೆರಿಗೆ ವಾರ್ಡುಗಳಲ್ಲೆಲ್ಲ, ಅಪಾಯದ ಮುನ್ಸೂಚನೆಯನ್ನು ಗುರುತಿಸುವ ಒಂದೇ ರೀತಿಯ ತಖ್ತೆ ಜಾರಿಗೆ ಬಂತೆಂದು ಆಕೆಯೇ ಹೇಳಿದಳು. ಹನ್ನೆರಡು ವರ್ಷಗಳ ಹಿಂದೆ ಓದಿದ ವರದಿಯನ್ನು ಒಬ್ಬ ವಿದ್ಯಾರ್ಥಿನಿ ಮನಸ್ಸಿನಲ್ಲಿ ಹೀಗೆ ಇಟ್ಟುಕೊಂಡಿರಬಹುದೆಂಬುದು ಆಕೆಯ ಗಂಡನಾದ ನನಗೆ ಆವರೆಗೆ ತಿಳಿದಿರಲಿಲ್ಲ.

ಇಲ್ಲಿಂದ ಮುಂದೆ ನಾನೂ ಆ ದ್ವೀಪದ ಬಗ್ಗೆ ಓದತೊಡಗಿದೆ. ಓದುವುದು ನನ್ನ ಜಾತಿಯವರು ನಿರ್ಧಾರವನ್ನು ಮುಂದೂಡುವ ಕ್ರಮ. ಇಡೀ ದ್ವೀಪ ನಮ್ಮ ಕರ್ನಾಟಕದ ಅರ್ಧಕ್ಕಿಂತ ಚಿಕ್ಕದು. ಡಿಸೆಂಬರಿನಲ್ಲಿ ಸಂಜೆ ನಾಲ್ಕು ಗಂಟೆ ದಾಟಿದೊಡನೆ ಸೂರ್ಯ ಮುಳುಗುತ್ತಾನೆ. ಜೂನ್ ತಿಂಗಳಲ್ಲಿ ರಾತ್ರಿ ಹತ್ತರವರೆಗೆ ಹೊರಡುವುದೇ ಇಲ್ಲ. 1845ರಿಂದ ಏಳು ವರ್ಷ ಆಲೂಗಡ್ಡೆಯ ಬೆಳೆಗೆ ರೋಗ ಬಡಿದು ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಜ್ವರದಿಂದಲೂ ಸತ್ತರು, ಇನ್ನು ಹತ್ತು ಲಕ್ಷ ಜನ ಹಡಗು ಹತ್ತಿದರು. ಅಮೆರಿಕಕ್ಕೆ ಹೊರಟ ಮಗನ ಅಥವಾ ಮಗಳ ಮನೆಯಲ್ಲಿ ಹಿಂದಿನ ರಾತ್ರಿ ನೆರೆಹೊರೆಯವರು ಸೇರಿ, ಸತ್ತವರಿಗೆ ಮಾಡುವಂತೆಯೇ ಜಾಗರಣೆ ಮಾಡುತ್ತಿದ್ದರಂತೆ, ಮರಳಿ ಬರುವುದಿಲ್ಲವೆಂದು ಖಾತರಿಯಿದ್ದುದರಿಂದ. 1948ರಲ್ಲಿ ಇಂಗ್ಲೆಂಡು ತನ್ನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದಾಗ ಅದರ ವಾರ್ಡುಗಳನ್ನು ತುಂಬಿದವರಲ್ಲಿ ಐರ್ಲೆಂಡಿನ ಹುಡುಗಿಯರು ಬಹುಮಂದಿ. ತನ್ನ ಮಕ್ಕಳನ್ನು ಹೀಗೆ ಊರೂರಿಗೆ ಹಂಚಿದ ದ್ವೀಪ ಈಗ ಯಲಹಂಕದಿಂದ ನರ್ಸನ್ನು ಕರೆಯುತ್ತಿದೆ. ಬೆಳಗಾವಿಯಿಂದ ಹೆಬ್ಬಾಳಕ್ಕೆ, ಹೆಬ್ಬಾಳದಿಂದ ಅಲ್ಲಿಗೆ. ಆಕೆ ಬಿಟ್ಟುಹೋದ ಜಾಗಕ್ಕೆ ಇನ್ನಾವ ಊರಿನ ಹುಡುಗಿ ಬರುವಳೋ.

ಕನ್ನಡ ಮೇಷ್ಟರಿಗೆ ಐರ್ಲೆಂಡ್ ತೀರ ಅಪರಿಚಿತವೂ ಅಲ್ಲ. 1924ರಲ್ಲಿ ಮೈಸೂರಿಗೆ ಬಂದಿದ್ದ ಕವಿ ಜೇಮ್ಸ್ ಕಸಿನ್ಸ್, ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಲು ಹೋದ ವಿದ್ಯಾರ್ಥಿ ಪುಟ್ಟಪ್ಪನವರಿಗೆ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಬುದ್ಧಿ ಹೇಳದಿದ್ದರೆ ನಮಗೆ ಕುವೆಂಪು ಎಷ್ಟು ತಡವಾಗಿ ದೊರೆಯುತ್ತಿದ್ದರೋ. ಆ ಕಸಿನ್ಸ್ ಹುಟ್ಟಿದ್ದು ಇದೇ ದ್ವೀಪದ ಬೆಲ್‌ಫಾಸ್ಟಿನಲ್ಲಿ. 1915ರಲ್ಲಿ ಇಲ್ಲಿಗೆ ಬಂದವರು 1956ರಲ್ಲಿ ಇಲ್ಲಿಗೆ ಸಮೀಪದ ಮದನಪಲ್ಲಿಯಲ್ಲಿ ತೀರಿಕೊಂಡರು. ಈ ಕಥೆಯನ್ನು ಪ್ರತಿ ವರ್ಷವೂ ತರಗತಿಯಲ್ಲಿ ಹೇಳುತ್ತೇನೆ. ಈ ವರ್ಷ ಹೇಳುವಾಗ ಗಂಟಲು ಕಟ್ಟಿತು. ಐರ್ಲೆಂಡಿನವನೊಬ್ಬ ಕನ್ನಡಿಗನನ್ನು ಕನ್ನಡಕ್ಕೆ ಮರಳಿಸಿದ. ನಾನು ಕನ್ನಡವನ್ನು ಬಿಟ್ಟು ಆತನ ನಾಡಿಗೆ ಹೋಗಬೇಕೇ?

ಏಕೆಂದರೆ ಪ್ರಶ್ನೆ ನನ್ನದೂ ಆಗಿತ್ತು. ನರ್ಸುಗಳಿಗೆ ಅಲ್ಲಿ ದೊರೆಯುವ ವಿಶೇಷ ಕೌಶಲದ ಪರವಾನಗಿಯ ಮೇಲೆ ಗಂಡನೂ ಮಗುವೂ ಹೋಗಬಹುದು. ಗಂಡ ಕೆಲಸವನ್ನೂ ಮಾಡಬಹುದು. ಯಾವ ಕೆಲಸ? ಕನ್ನಡ ಎಂ. ಎ. ಪದವೀಧರನಿಗೆ ಅಲ್ಲಿ ಹುದ್ದೆ ಕಾದಿಲ್ಲವೆಂದು ತಿಳಿಯಲು ಸಂಶೋಧನೆ ಬೇಕಿಲ್ಲ. ಉಗ್ರಾಣದಲ್ಲಿ ಪೆಟ್ಟಿಗೆ ಎತ್ತಬಹುದು, ವೃದ್ಧರ ಮನೆಗಳಲ್ಲಿ ಸಹಾಯಕನಾಗಬಹುದು. ಆ ಕೆಲಸಗಳು ಕೀಳೆಂದು ನಾನು ಹೇಳಲಾರೆ, ಮನೆಯಲ್ಲಿ ಹೇಳಲು ಧೈರ್ಯವೂ ಇಲ್ಲ. ಆದರೆ ಇಲ್ಲಿಯೂ ನನ್ನ ಸ್ಥಾನವೇನೂ ಬಂಡೆಯ ಮೇಲೆ ಕಟ್ಟಿದ್ದಲ್ಲ. ಖಾಸಗಿ ಕಾಲೇಜಿನಲ್ಲಿ ಕನ್ನಡ ತೆಗೆದುಕೊಳ್ಳುವ ಮಕ್ಕಳ ಸಂಖ್ಯೆಯಂತೆ ನನ್ನ ಪಾಠದ ಗಂಟೆಗಳೂ ವರ್ಷವರ್ಷಕ್ಕೆ ಏರಿಳಿಯುತ್ತವೆ. ಐರ್ಲೆಂಡಿನ ಸಂವಿಧಾನದಲ್ಲಿ ಐರಿಷ್ ಭಾಷೆಯೇ ಮೊದಲ ಅಧಿಕೃತ ಭಾಷೆ. ಬೀದಿಯ ಫಲಕಗಳಲ್ಲಿ ಅದು ಎದ್ದು ಕಾಣುತ್ತದೆ, ಬೀದಿಯ ಮಾತಿನಲ್ಲಿ ಬಹುಪಾಲು ಇಂಗ್ಲಿಷ್. ಇದನ್ನು ಓದಿದಾಗ ಆ ದ್ವೀಪ ಇದ್ದಕ್ಕಿದ್ದಂತೆ ಯಲಹಂಕ ಉಪನಗರದಷ್ಟು ಹತ್ತಿರವೆನಿಸಿತು.

ನಡುವೆ ಆರ್. ಟಿ. ನಗರದ ಒಂದು ಏಜೆಂಟರ ಕಚೇರಿಗೂ ಹೋಗಿಬಂದೆವು, ಕಾಗದಪತ್ರಗಳಿಗೆ ನೆರವು ಬೇಕಾದೀತೆಂದು. ಗೋಡೆಯ ತುಂಬ ಹಸಿರು ಬೆಟ್ಟಗಳ ಚಿತ್ರ. ಮೇಜಿನ ಹಿಂದಿನ ಮಹಾಶಯರು ಐದು ಲಕ್ಷ ಎಂದರು. ನೋಂದಾಯಿತ ಏಜೆಂಟರು 30,000 ರೂಪಾಯಿಯ ಮೇಲೆ, ತೆರಿಗೆಯ ಹೊರತು, ಶುಲ್ಕ ತೆಗೆದುಕೊಳ್ಳುವಂತಿಲ್ಲವೆಂದು ನಮ್ಮ ವಲಸೆ ಕಾನೂನಿನ ನಿಯಮವಿದೆಯಲ್ಲ ಎಂದು ನನ್ನಾಕೆ ಕೇಳಿದಾಗ, ಅವರು ಅತ್ಯಂತ ವಿನಯದಿಂದ ನಮಗೆ ಚಹಾ ತರಿಸಿ, ಇನ್ನೊಬ್ಬರ ಕಡೆ ತಿರುಗಿದರು. ಚಹಾ ಚೆನ್ನಾಗಿತ್ತು.

ಅಷ್ಟರಲ್ಲಿ ಕೆಟ್ಟ ಸುದ್ದಿ ಬರತೊಡಗಿತು. ಜುಲೈ ಕೊನೆಯಲ್ಲಿ ಡಬ್ಲಿನ್ನಿನಲ್ಲಿ ಭಾರತೀಯರ ಮೇಲೆ ಹಲ್ಲೆಗಳು ನಡೆದುವು. ಆಗಸ್ಟ್ 1ರಂದು ನಮ್ಮ ರಾಯಭಾರ ಕಚೇರಿ, ನಿರ್ಜನ ಪ್ರದೇಶಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ತಿರುಗಬೇಡಿರೆಂದು ಎಚ್ಚರಿಸಿತು. ಕೆಲವೇ ದಿನಗಳಲ್ಲಿ ಅಲ್ಲಿಯ ಇನ್ನೊಂದು ನಗರದಲ್ಲಿ ಮನೆಯ ಮುಂದೆ ಆಡುತ್ತಿದ್ದ ಭಾರತೀಯ ಮೂಲದ ಆರು ವರ್ಷದ ಹುಡುಗಿಯೊಬ್ಬಳನ್ನು ದೊಡ್ಡ ಹುಡುಗರು ಹೊಡೆದರೆಂಬ ವಾರ್ತೆ. ಆರು ವರ್ಷ! ನಾನು ಪತ್ರಿಕೆಯನ್ನು ಮಡಿಸಿ ದಿಂಬಿನ ಕೆಳಗಿಟ್ಟೆ. ಅಲ್ಲಿ ಆಗ ಅಧ್ಯಕ್ಷರಾಗಿದ್ದ ಮೈಕೇಲ್ ಹಿಗ್ಗಿನ್ಸ್, ಅವರೂ ಕವಿಗಳೇ, ಈ ಹಲ್ಲೆಗಳನ್ನು ಖಂಡಿಸಿ, ಭಾರತೀಯ ನರ್ಸುಗಳಿಗೂ ವೈದ್ಯರಿಗೂ ತಮ್ಮ ದೇಶ ಋಣಿಯೆಂಬರ್ಥದ ಹೇಳಿಕೆ ಕೊಟ್ಟರು. ಒಳ್ಳೆಯ ಹೇಳಿಕೆ. ಆದರೆ ಹೇಳಿಕೆ ಮಗುವಿನೊಡನೆ ಬೀದಿಯಲ್ಲಿ ನಡೆದು ಬರಲಾರದು.

ಆ ರಾತ್ರಿ ನಾವು ಮೊದಲ ಸಲ ಜಗಳವಾಡಿದೆವು. ನಾನು ಪತ್ರಿಕೆಯನ್ನು ಹೊರತೆಗೆದೆ. ಆಕೆ ಅದನ್ನು ಆಗಲೇ ಓದಿದ್ದಳು. "ನಿಮ್ಮ ಮನಸಿನಾಗ ಏನದ ಅದನ್ನ ಹೇಳ್ರಿ. ಒಮ್ಮೆ ಅತ್ತಿ ಹೆಸರು ಹೇಳ್ತೀರಿ, ಒಮ್ಮೆ ಮಗಳ ಹೆಸರು ಹೇಳ್ತೀರಿ. ನಿಮ್ಮ ಹೆಸರು ಯಾವಾಗ ಹೇಳ್ತೀರಿ?" ಎಂದಳು. ನಾನು ತಾರಸಿಗೆ ಹೋಗಿ ನಿಂತೆ. ಕಾಲೇಜಿನಲ್ಲಿ ನಾ. ಡಿಸೋಜರ 'ದ್ವೀಪ'ವನ್ನು ಪಾಠ ಮಾಡಿದ್ದೇನೆ. ಅಣೆಕಟ್ಟಿನ ನೀರು ಏರಿ ಬರುತ್ತಿದ್ದರೂ ಮನೆ ಬಿಡದವರ ಕಥೆ. ಹೊರಡದೆ ಕುಳಿತವರ ಸುತ್ತಲೂ ದ್ವೀಪ ತಾನಾಗಿಯೇ ಉಂಟಾಗುತ್ತದೆಂದು ವಿದ್ಯಾರ್ಥಿಗಳಿಗೆ ಟಿಪ್ಪಣಿ ಬರೆಸಿದವನು ನಾನೇ. ಕೆಳಗಿಳಿದು ಬಂದು, "ನನಗೆ ಹೆದರಿಕೆ" ಎಂದೆ. "ಯಾವುದಕ್ಕೆ ಹೆಚ್ಚು ಹೆದರಿಕೆ ಎಂದು ಹೇಳುವಿರಾ?" ಎಂದು ಆಕೆ, ಪರೀಕ್ಷೆಯ ಮೇಜಿನಲ್ಲಿ ಕೇಳುತ್ತಿದ್ದ ಅದೇ ಇಂಗ್ಲಿಷಿನಲ್ಲಿ ಕೇಳಿದಳು. ಇಬ್ಬರಿಗೂ ನಗು ಬಂತು. ಆಮೇಲೆ ಹೇಳಿದೆ: ಅಲ್ಲಿ ನಾನು ಯಾರೂ ಅಲ್ಲದವನಾಗಿಬಿಡುವೆನೆಂದು, ಇಲ್ಲಿ ಉಳಿದರೆ ನೀನು ನನ್ನನ್ನು ಬಿಟ್ಟು ಬಹಳ ದೂರ ಬೆಳೆದುಬಿಡುವೆಯೆಂದು.

ಆಕೆ ಸಮಾಧಾನ ಹೇಳಲಿಲ್ಲ. ಲೆಕ್ಕ ಹೇಳಿದಳು. ಮೊದಲು ಹೋಗುವಾಗ ಹೇಗಿದ್ದರೂ ಒಬ್ಬಳೇ ಹೋಗಬೇಕು. ಅಲ್ಲಿಯ ನರ್ಸಿಂಗ್ ಮಂಡಳಿಯ ಅರ್ಹತಾಪರೀಕ್ಷೆಯನ್ನು ಪಾಸು ಮಾಡಿ, ನೋಂದಣಿಯಾಗಿ, ಪರವಾನಗಿ ಸಿಗಬೇಕು. ಮನೆ ಸಿಗುವುದು ಅಲ್ಲಿ ಮಹಾಕಷ್ಟ. ಆದುದರಿಂದ ಒಂದು ವರ್ಷ ಆಕೆಯೊಬ್ಬಳೇ. ಊರು ಹೇಗಿದೆ, ಶಾಲೆ ಹೇಗಿದೆ, ರಾತ್ರಿ ಬಸ್ಸಿನಿಂದಿಳಿದು ಮನೆಗೆ ನಡೆಯಬಹುದೇ ಎಂಬುದನ್ನೆಲ್ಲ ನೋಡಿದ ಮೇಲೆ ನನ್ನ ಮತ್ತು ಮಗಳ ವಿಷಯ. ಬರದಿದ್ದರೆ ಆಕೆಯೇ ಮರಳುವುದು. ಆದರೆ ಒಂದು ಕೊಕ್ಕೆ ಉಳಿದಿತ್ತು. ಅಮ್ಮನ ಸೂಜಿ. ನನ್ನ ಕೈಯನ್ನು ಆಕೆ ನಂಬಲಾರಳು, ನಂಬಬಾರದು ಕೂಡ. "ಅತ್ತಿಯನ್ನ ಹಿಂಗ ಬಿಟ್ಟು ನಾ ಹೋಗಲಾರೆ" ಎಂದು ಆಗಸ್ಟ್ 25ರಂದು ಖಂಡಿತವಾಗಿ ಹೇಳಿ, ನಿರಾಕರಣೆಯ ಪತ್ರವನ್ನು ಅರ್ಧ ಬರೆದೂ ಇಟ್ಟಳು. ನನಗೆ ಸಂತೋಷವಾಗಬೇಕಾಗಿತ್ತು.

ಮಾರನೆಯ ರಾತ್ರಿ ಊಟದ ಹೊತ್ತಿಗೆ ಅಮ್ಮನ ಕೋಣೆಯಿಂದ ಟಕ್, ಟಕ್ ಎಂದು ಸಣ್ಣ ಸದ್ದು ಕೇಳಿಸಿತು. ಇನ್ಸುಲಿನ್ ಪೆನ್ನಿನ ಹಿಂಬದಿಯ ತಿರುಪನ್ನು ಒಂದೊಂದು ಯೂನಿಟ್ಟಿಗೆ ತಿರುಗಿಸಿದಾಗಲೂ ಅದು ಒಂದೊಂದು ಸಾರಿ ಟಕ್ಕೆನ್ನುತ್ತದೆ. ನಾನು ಏಳಲು ಹೋದೆ. ನನ್ನಾಕೆ ಕೈ ಹಿಡಿದು ಕೂರಿಸಿ, ತಾನು ಮಾತ್ರ ಹೋಗಿ ಬಾಗಿಲ ಬಳಿ ನಿಂತಳು. ಒಳಗೆ ಅಮ್ಮ ಕಣ್ಣಿಗೆ ಕಾಣದ ಅಂಕಿಯನ್ನು ಕಿವಿಯಿಂದ ಎಣಿಸುತ್ತಿದ್ದರು. ಪಕ್ಕದಲ್ಲಿ ಮೊಮ್ಮಗಳೂ ವಿಮಾನ ಎಣಿಸುವ ದನಿಯಲ್ಲಿಯೇ ಎಣಿಸುತ್ತಿದ್ದಳು. ಖಾಲಿಯಾದ ಹಳೆಯ ಪೆನ್ನಿನಲ್ಲಿ ಅಜ್ಜಿಯೂ ಮೊಮ್ಮಗಳೂ ಎರಡು ವಾರದಿಂದ ಗುಟ್ಟಾಗಿ ಅಭ್ಯಾಸ ಮಾಡಿದ್ದರೆಂಬುದು ಆಮೇಲೆ ತಿಳಿಯಿತು. ಹನ್ನೆರಡು, ಹದಿಮೂರು, ಹದಿನಾಲ್ಕು.

"ನೋಡಮ್ಮಾ, ಸರಿಯಾಗಿದೆಯಾ?" ಎಂದರು ಅಮ್ಮ.

ನನ್ನಾಕೆ ಹತ್ತಿರ ಹೋಗಿ ಬಗ್ಗಿ ನೋಡಿದಳು. "ಸರಿ ಅದರಿ, ಅತ್ತಿ."

ಅಮ್ಮ ಸೆರಗನ್ನು ಸರಿಸಿ ಹೊಟ್ಟೆಯ ಮೇಲೆ ತಾವೇ ಚುಚ್ಚಿಕೊಂಡು, ಹತ್ತರವರೆಗೆ ಎಣಿಸಿ, ಸೂಜಿಯನ್ನು ಹೊರತೆಗೆದರು. ಯಾವ ದೇವರನ್ನೂ ಕರೆಯಲಿಲ್ಲ. "ಹೊಸ ಸೂಜಿಯ ಡಬ್ಬಿ ಎಲ್ಲಿಟ್ಟಿದ್ದೀಯ? ಅದೊಂದು ತೋರಿಸಿಬಿಡು" ಎಂದರು.